ಗೇಟಿನ ಹೊರಗೆ ನಿಂತ ನಮ್ಮ ಪೀಟಿ ಟೀಚರ್

ಸೀರೆಯ ನಿರಿಗೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ನಮ್ಮ ಪೀಟಿ ಟೀಚರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಆ ಬೂಟು. ಶಹಾಬಾದಿನಲ್ಲಿ ಯಾವುದೂ ಬಹಳ ಹೊತ್ತು ಬೆಳ್ಳಗಿರುವುದಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷೀನುಗಳ ಪುಡಿ ಬೇವಿನ ಎಲೆಯ ಮೇಲೂ ಕೂರುತ್ತದೆ, ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ. ಆದರೆ ಅವರ ಬೂಟಿನ ಮೇಲೆ ಆ ಪುಡಿ ಒಂದು ರಾತ್ರಿ ಕಳೆದದ್ದನ್ನು ನಾನು ನೋಡಿಲ್ಲ. ಸಂಜೆ ಹೊಸ್ತಿಲಲ್ಲಿ ಕುಳಿತು, ಶಾಲೆಯಿಂದ ತಂದ ಸೀಮೆಸುಣ್ಣದ ಚೂರುಗಳನ್ನು ನೀರಲ್ಲಿ ಅರೆದು ಹಚ್ಚುತ್ತಿದ್ದರು. ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿತ್ತು. ಹರೆಯದಲ್ಲಿ ಖೋ-ಖೋ ಆಡುವಾಗ ಮುರಿದದ್ದಂತೆ. ಆ ಕಾಲನ್ನು ಎಳೆಯದೆ, ಬೀಸಿ ಬೀಸಿ ನಡೆಯುತ್ತಿದ್ದರು.

ಇನ್ನು ಧ್ವನಿ. ಗ್ರೌಂಡಿನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಬೂಟಿನ ಲೇಸು ಬಿಚ್ಚಿದ ಹುಡುಗಿ ಬಗ್ಗಿ ಕಟ್ಟಿಕೊಳ್ಳುತ್ತಿದ್ದಳು.

ನಾನು ಅವರ ಕೈಯಲ್ಲಿ ಕಲಿತದ್ದು ಹೈಸ್ಕೂಲಿನಲ್ಲಿ. ಅವರು ಬರುವ ಮುಂಚೆ ಪೀಟಿ ಪೀರಿಯಡ್ಡೆಂದರೆ ಗಂಡುಹುಡುಗರು ಗ್ರೌಂಡಿಗೆ, ನಾವು ಬೇವಿನ ನೆರಳಿಗೆ. ನೆರಳಲ್ಲಿ ಕುಳಿತು ಕಸೂತಿ ಹಾಕುವುದು, ಇಲ್ಲವೆ ಹರಟುವುದು. ಅವರು ಬಂದ ಮೊದಲ ವಾರವೇ ನಮ್ಮನ್ನೆಲ್ಲ ಎಬ್ಬಿಸಿ ಗ್ರೌಂಡಿನ ಸುತ್ತ ಓಡಿಸಿದರು. ಹೆಡ್ ಮಾಸ್ತರರು ತಮ್ಮ ಕೋಣೆಯಿಂದ ಎದ್ದು ಬಂದರು.

"ಟೀಚರ್, ಹೆಣ್ಣುಮಕ್ಕಳು ಓಡಿದ್ರ ರಸ್ತಾದಾಗ ಹೋಗೋ ಮಂದಿಗಿ ಕಾಣಸ್ತದರಿ."

"ಕಾಣಲಿ ಬಿಡ್ರಿ ಸರ್. ಓಡೋದು ಕಳ್ಳತನ ಏನಲ್ಲ."

ಹೆಡ್ ಮಾಸ್ತರರು ಮತ್ತೆ ಕೋಣೆಗೆ ಹೋದರು. ನಾವು ಓಡಿದೆವು. ನನಗೆ ಉಸಿರು ಕಟ್ಟಿ, ಪಕ್ಕೆ ಹಿಡಿದು, ಕಣ್ಣಲ್ಲಿ ನೀರು ಬಂದಿತ್ತು. ಅವರು ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟು, "ನಿಂದ್ರಬ್ಯಾಡ. ಮೆಲ್ಲಗ ಆದ್ರೂ ನಡಿ. ನೆಲ ಯಾರಪ್ಪಂದೂ ಅಲ್ಲ, ನಡದೋರದು" ಎಂದರು. ಆ ಮಾತನ್ನು ಅವರು ಆಮೇಲೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅದನ್ನು ಹೇಳಿಕೊಂಡೇ ಬದುಕಿದರು. ಅದನ್ನು ಒಪ್ಪದ ಜನರೊಂದಿಗೆ ಜಗಳವಾಡಿಕೊಂಡೇ ಸತ್ತರು.

ಶಾಲೆ ಮುಗಿಯಿತು, ಕಲಬುರಗಿಯಲ್ಲಿ ಕಾಲೇಜು ಮುಗಿಯಿತು, ಶಹಾಬಾದಿನಲ್ಲೇ ಮದುವೆಯಾಯಿತು. ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ದಿನಾ ವಾಡಿ ಮೇಲೆ ಹಾದು ರೈಲಿನಲ್ಲಿ ಹೋಗಿ ಬರುವುದು, ಇಡೀ ದಿನ ಕುಳಿತು ಟೈಪು ಮಾಡುವುದು. ಕೆಲವು ವರ್ಷಗಳಲ್ಲಿ ಸೊಂಟ ಹಿಡಿಯಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಬೆಳಿಗ್ಗೆ ನಡೀರಿ, ಇಲ್ಲಾಂದ್ರ ಈ ಗುಳಿಗಿ ಏನೂ ಮಾಡಲ್ಲ" ಎಂದರು.

ನಡೆಯುವುದೆಲ್ಲಿ? ನಮ್ಮತ್ತೆ ಬೆಳಗಾಗೆದ್ದು ವಚನ ಹಾಡಿಕೊಳ್ಳುತ್ತ ಪೂಜೆ ಮಾಡುವವರು. ಆದರೆ ಸೊಸೆಯೊಬ್ಬಳೇ ಬೀದಿಯಲ್ಲಿ ನಡೆದರೆ ಓಣಿಯವರು ಏನೆಂದಾರು ಎಂಬ ಚಿಂತೆ ಅವರಿಗೆ. ನಮ್ಮ ಮನೆಯವರು ಜಗಳ ಬೇಡವೆಂದು, "ಮಾಳಿಗಿ ಮ್ಯಾಲೇ ತಿರುಗು, ಗಾಳಿ ಭಾಳ ಛಲೋ ಅದ" ಎಂದರು. ನಾನು ದಿನಾ ನಸುಕಿನಲ್ಲಿ ಮಾಳಿಗೆಯ ಮೇಲೆ ಸುತ್ತತೊಡಗಿದೆ.

ನಮ್ಮ ಓಣಿಯ ಬೆನ್ನಿಗೇ ಟೀಚರ ಕೇರಿ, ಅವರ ಮನೆಯ ಹೊಸ್ತಿಲು ಮಾಳಿಗೆಯಿಂದ ಕಾಣುತ್ತಿತ್ತು. ಆಗ ಅವರು ರಿಟೈರಾಗಿದ್ದರು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಗಳು ಸೇಡಂನಲ್ಲಿ ನರ್ಸು. ಒಂದು ದಿನ ಕೆಳಗಿನಿಂದ ಆ ಹಳೆಯ ಧ್ವನಿ ಕೇಳಿಸಿತು.

"ಏನವ್ವಾ, ಗಾಣದೆತ್ತು ಆಗೀ ಏನ?"

ಬಗ್ಗಿ ನೋಡಿದೆ. ಬಿಳಿ ಬೂಟು, ಕೈಯಲ್ಲೊಂದು ನೀರಿನ ಬಾಟಲಿ.

"ಡಾಕ್ಟರ್ ನಡಿ ಅಂದಾರ್ರಿ ಟೀಚರ್."

"ಇದು ನಡಿಯೋದಲ್ಲ, ಸುತ್ತೋದು. ನಾಳಿ ನಸುಕಿನ್ಯಾಗ ಕೆಳಗ ಬಾ. ಹೊಳಿ ದಂಡಿಗಿ ಹೋಗೂಣು."

ಮೇಲೆ ಬನ್ನಿ, ಚಹಾ ಕುಡಿಯೋಣ ಎಂದು ಕರೆದೆ. "ಆತು ಬಿಡು, ಇನ್ನೊಮ್ಮೆ" ಎಂದು ಹೋದರು. ಇನ್ನೊಮ್ಮೆಯೂ ಬರಲಿಲ್ಲ, ಯಾವಾಗಲೂ ಬರಲಿಲ್ಲ. ಕರೆದದ್ದು ನಾನು, ಅಡುಗೆಮನೆ ಅತ್ತೆಯದು. ಟೀಚರು ಕೇರಿಯ ಬೌದ್ಧರ ಮನೆಯವರು. ಯಾಕೆ ಬರಲಿಲ್ಲವೆಂದು ನಮ್ಮತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ನಾನು ಕೆಳಗಿಳಿದೆ. ಟೀಚರ ಜೊತೆ ಎಂದಮೇಲೆ ಮನೆಯಲ್ಲಿ ಬೇಡವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ಊರಿನಿಂದ ಸ್ವಲ್ಪ ದೂರ, ಕಾಗಿಣಾ ಹೊಳೆಯ ದಂಡೆಯಲ್ಲಿ ಒಂದಿಷ್ಟು ಜಾಗವನ್ನು ಹಕ್ಕಿಗಳಿಗೆಂದು ಬಿಟ್ಟು ತಂತಿಬೇಲಿ ಹಾಕಿದ್ದಾರೆ. ದೊಡ್ಡದೇನಲ್ಲ. ಹಿಂದೆ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ನೀರು ನಿಂತು ಕೆರೆಗಳಾಗಿವೆ, ಅವುಗಳ ಮಧ್ಯೆ ಹೊಳೆಯವರೆಗೆ ಒಂದು ಕಾಲುದಾರಿ. ಜಾಲಿಯ ಮರಗಳು, ಜೊಂಡು, ಅಲ್ಲಲ್ಲಿ ಕೂರಲು ಫರ್ಸಿಯ ಹಾಸು. ನೋಡಿಕೊಳ್ಳಲು ಊರಿನ ದೊಡ್ಡವರದೇ ಒಂದು ಸಮಿತಿ, ಗೇಟಿಗೊಬ್ಬ ಕಾವಲುಗಾರ. ನಮ್ಮ ಪಾಲಿಗೆ ಅದು ಬೇರೆಯೇ ಲೋಕವಾಗಿತ್ತು. ಹಿಂದೆ ಕಲ್ಲಿನ ಪುಡಿ, ಲಾರಿಗಳ ಸದ್ದು. ಗೇಟು ದಾಟಿ ಜಾಲಿಯ ಸಾಲು ಹಾದರೆ ನೀರು, ನೀರಿನ ಮೇಲೆ ಮಂಜು, ಮಂಜಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆ.

ಆ ದೊಡ್ಡ ಧ್ವನಿಯ ಹೆಂಗಸು ಅಲ್ಲಿ ಪಿಸುಮಾತಾಡುತ್ತಿದ್ದರು. ಗೇಟು ದಾಟಿದೊಡನೆ ಬೆರಳು ತುಟಿಗೆ. ಅವರಿಗೆ ಹಕ್ಕಿಗಳ ಹೆಸರು ಹೆಚ್ಚು ಗೊತ್ತಿರಲಿಲ್ಲ. ಉದ್ದ ಕಾಲಿನದೆಲ್ಲ ಕೊಕ್ಕರೆ, ಬಣ್ಣ ಇದ್ದದ್ದೆಲ್ಲ ಮಿಂಚುಳ್ಳಿ. ತೆಂಗಳಿಯ ಕಡೆಯ ಒಬ್ಬ ಕಾಲೇಜು ಹುಡುಗಿ, ಶಹಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುವವಳು, ಹಳೆಯದೊಂದು ದುರ್ಬೀನು ಹಿಡಿದು ನಮ್ಮ ಜೊತೆ ಸೇರಿಕೊಂಡಿದ್ದಳು. ಅವಳು, "ಟೀಚರ್, ಅದು ಮಿಂಚುಳ್ಳಿ ಅಲ್ರಿ, ಕಳ್ಳಿಪೀರ" ಎಂದು ತಿದ್ದುತ್ತಿದ್ದಳು. "ಹೆಸರು ನೀ ಇಟ್ಕೋ ಅವ್ವಾ, ನಾ ಬರೇ ನೋಡ್ತೀನಿ" ಎನ್ನುತ್ತಿದ್ದರು. ಒಂದು ಟಿಟ್ಟಿಭ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಯಲಲ್ಲಿ, ಬರೀ ಕಲ್ಲುಗಳ ನಡುವೆ ಮೊಟ್ಟೆಯಿಟ್ಟು, ಹತ್ತಿರ ಬಂದವರ ತಲೆಯ ಮೇಲೆ ಹಾರಿ ಹಾರಿ ಬೈಯುವ ಹಕ್ಕಿ ಅದು. "ಗೂಡಿಲ್ಲ ಏನಿಲ್ಲ, ಆದ್ರ ಆ ಜಾಗಾ ತನ್ನದು ಅಂತ ಹ್ಯಾಂಗ ಹೇಳ್ತದ ನೋಡು" ಎಂದು ಸಂತೋಷಪಡುತ್ತಿದ್ದರು.

ಒಂದು ಚಳಿಗಾಲದಲ್ಲಿ, ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆಯಿದ್ದ ಬಾತುಗಳ ಹಿಂಡೊಂದು ಖಣಿಯ ನೀರಿಗೆ ಇಳಿದಿತ್ತು. ಹಿಮಾಲಯ ದಾಟಿ ಬರುತ್ತವೆ ಎಂದು ಹುಡುಗಿ ಹೇಳಿದಳು. ಟೀಚರು ಬಿಸಿಲೇರುವವರೆಗೂ ಹಾಸುಗಲ್ಲಿನ ಮೇಲಿಂದ ಏಳಲಿಲ್ಲ. ನನಗೆ ರೈಲು ತಪ್ಪುತ್ತದೆಂದರೂ ಕೇಳಲಿಲ್ಲ. ಕೊನೆಗೆ, "ಬರೋ ವರ್ಷ ಮತ್ತ ಬರ್ತಾವೇನ?" ಎಂದು ಕೇಳಿದರು. "ಬರ್ತಾವ್ರಿ" ಎಂದಳು ಹುಡುಗಿ. "ಹಂಗಾದ್ರ ನಾನೂ ಬರ್ತೀನಿ" ಎಂದು ಎದ್ದರು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಘಟನೆ ನಡೆಯಿತು. ನಾನೂ ಟೀಚರೂ ಮುಂದೆ ನಡೆಯುತ್ತಿದ್ದೆವು. ಹುಡುಗಿ ಹಿಂದೆ ಗೀಜಗನ ಗೂಡು ನೋಡುತ್ತ ನಿಂತಿದ್ದಳು. ಬೈಕು ಒಳಗೆ ತರಬಾರದೆಂಬ ನಿಯಮವಿದ್ದರೂ ಇಬ್ಬರು ಬೈಕಿನಲ್ಲೇ ಬಂದಿದ್ದರು. ಅವಳ ದುರ್ಬೀನು ಕಿತ್ತುಕೊಂಡರು, ವೇಲು ಹಿಡಿದೆಳೆದರು. ಅವಳ ಕೂಗು ಕೇಳಿ ನಾನು ಅಲ್ಲೇ ಕಲ್ಲಾದೆ. ಟೀಚರು ಓಡಿದರು. ಅರವತ್ತು ದಾಟಿದ ಹೆಂಗಸು ಆ ಮುರಿದ ಕಾಲಿನಲ್ಲಿ ಓಡಿ, ಬೈಕಿನ ಕೀಲಿ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಶಾಲೆಯ ಗ್ರೌಂಡಿನ ಧ್ವನಿಯಲ್ಲಿ ಕಾವಲುಗಾರನನ್ನು ಕರೆದರು.

ಇಬ್ಬರನ್ನೂ ಸಮಿತಿಯ ಮುಂದೆ ನಿಲ್ಲಿಸಿದ್ದಾಯಿತು. ಇಬ್ಬರೂ ಇದ್ದುಳ್ಳವರ ಮನೆಯ ಹುಡುಗರು. ಪೊಲೀಸರವರೆಗೆ ಹೋದರೆ ಹುಡುಗಿಯ ಹೆಸರೇ ಹೊರಗೆ ಬರುತ್ತದೆ ಎಂದು ಸಮಿತಿಯವರು ಅವಳ ಚಿಕ್ಕಪ್ಪನನ್ನು ಹೆದರಿಸಿದರು. ಹುಡುಗರ ಬಾಯಲ್ಲಿ "ತಪ್ಪಾತ್ರಿ" ಅನ್ನಿಸಿದರು. ಆಮೇಲೆ ಅವರಿಗೆ ಚಹಾ ಕುಡಿಸಿದರು. ಇದು ಗಾಳಿಮಾತಲ್ಲ. ಆ ಚಹಾ ತಂದುಕೊಟ್ಟ ಕಾವಲುಗಾರನೇ ತಲೆ ತಗ್ಗಿಸಿ ನಮಗೆ ಹೇಳಿದ.

ಮುಂದಿನ ವಾರ ಗೇಟಿಗೆ ಹೊಸ ಬೋರ್ಡು ಬಂತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: "ಗಂಡಸರು ಜೊತೆಗಿಲ್ಲದ ಮಹಿಳೆಯರಿಗೆ ಪ್ರವೇಶವಿಲ್ಲ."

ಟೀಚರು ಓದಿದರು. ಮತ್ತೊಮ್ಮೆ ಓದಿದರು. ಕಾವಲುಗಾರ ಎದ್ದು ನಿಂತ. ಅವನ ಇಬ್ಬರು ಹೆಣ್ಣುಮಕ್ಕಳೂ ಅವರ ಶಿಷ್ಯೆಯರೇ.

"ನಮ್ಮ ಕೈಯಾಗ ಏನದರಿ ಟೀಚರ್. ಮ್ಯಾಲಿನೋರು ಹೇಳ್ಯಾರ."

"ನಿನಗೇನೂ ಅನ್ನಲ್ಲ ತಮ್ಮಾ. ಆ ಹುಡುಗರು ಮತ್ತ ಬಂದ್ರ ಒಳಗ ಬಿಡ್ತೀ?"

ಅವನು ಗೇಟಿನ ಚಿಲಕ ಸರಿಮಾಡತೊಡಗಿದ.

"ಬಾಯಿ ಬಿಟ್ಟು ಹೇಳು."

"ಅವರು ಗಂಡಸರಾದ್ರಲ್ಲರಿ. ಬಿಡಬೇಕಾಗ್ತದ."

ನನಗೆ ಇವತ್ತಿಗೂ ಆ ಉತ್ತರ ನೆನಪಾದರೆ ಮೈ ಉರಿಯುತ್ತದೆ. ವೇಲು ಎಳೆದವರಿಗೆ ಬಾಗಿಲು ತೆರೆದಿದೆ, ಎಳೆಸಿಕೊಂಡವಳಿಗೆ ಮುಚ್ಚಿದೆ. ಇದಕ್ಕೆ ಸಮಿತಿಯವರು ಕೊಟ್ಟ ಹೆಸರು ರಕ್ಷಣೆ.

ಎರಡು ದಿನ ಟೀಚರು ಏನೂ ಮಾಡಲಿಲ್ಲ. ಮೂರನೆಯ ದಿನ ಗೇಟಿನ ಹತ್ತಿರ ಬಂದವರೇ, ರಸ್ತೆಯಾಚೆಯ ಬಸ್ ಶೆಲ್ಟರಿಗೆ ಹೋದರು. ಅಲ್ಲಿ ಒಬ್ಬ ರಾತ್ರಿ ಕುಡಿದದ್ದು ಇಳಿಯದೆ ಕಟ್ಟೆಯ ಮೇಲೆ ಮಲಗಿದ್ದ. ಅವನನ್ನು ತಟ್ಟಿ ಎಬ್ಬಿಸಿದರು.

"ಏಳು ತಮ್ಮಾ, ನಿನ್ನಿಂದ ಒಂದು ಕೆಲಸ ಅದ."

ಅವನು ಲುಂಗಿ ಸರಿಮಾಡಿಕೊಳ್ಳುತ್ತ, ತೂರಾಡುತ್ತ ಹಿಂದೆ ಬಂದ. ಗಬ್ಬೆಂದು ನಾರುತ್ತಿದ್ದ. ಗೇಟಿನ ಮುಂದೆ ನಿಲ್ಲಿಸಿದರು.

"ಅಕ್ಕಾರೆ, ನಾ ಏನ್ ಮಾಡ್ಬೇಕ್ರಿ?"

"ಏನಿಲ್ಲ. ಗಂಡಸಾಗಿ ನಿಂದ್ರು, ಸಾಕು." ಕಾವಲುಗಾರನ ಕಡೆ ತಿರುಗಿದರು. "ನಿಮ್ಮ ಬೋರ್ಡಿನಾಗ ಗಂಡಸು ಬೇಕಂತ ಬರದೀರಿ. ತಂದೀನಿ. ಬಾಗಲಾ ತೆರಿ."

ಕಾವಲುಗಾರ ಬೋರ್ಡು ನೋಡಿದ, ಕುಡುಕನನ್ನು ನೋಡಿದ. ಗೇಟು ತೆರೆದ. ಹುಡುಗಿ ನಕ್ಕಳು, ನಾನೂ ನಕ್ಕೆ. ಟೀಚರು ನಗಲಿಲ್ಲ. ತೆರೆದ ಗೇಟಿನ ಮುಂದೆ ನಿಂತರೇ ಹೊರತು ಒಳಗೆ ಕಾಲಿಡಲಿಲ್ಲ.

"ನೋಡಿದ್ರಿಲ್ಲೋ? ತನ್ನ ಕಾಲ ಮ್ಯಾಲ ತಾ ನಿಂದ್ರಲಾರದವಗ ತೆರೀತು. ಜನ್ಮಾ ಪೂರ್ತಿ ಮಕ್ಕಳಿಗಿ ನಿಂದ್ರೋದು ಕಲಿಸಿದಾಕಿಗಿ ತೆರೀಲಿಲ್ಲ. ಮುಚ್ಚು ಅದನ್ನ."

ಕುಡುಕನನ್ನು ಶೆಲ್ಟರಿಗೆ ಕರೆದುಕೊಂಡು ಹೋಗಿ, ಪಕ್ಕದ ಅಂಗಡಿಯಲ್ಲಿ ಚಹಾ ಕೊಡಿಸಿದರು. ಅವನು ಕೈಮುಗಿದ.

ಸುದ್ದಿ ಊರೆಲ್ಲ ಹಬ್ಬಿತು. ಸಮಿತಿಯ ಅಧ್ಯಕ್ಷರು ಹೇಳಿಕಳಿಸಿದರು. ಊರಿನ ದೊಡ್ಡ ವ್ಯಾಪಾರಿ ಅವರು, ಮಾತು ಬಹಳ ಮೆತ್ತಗೆ. ನಾನೂ ಜೊತೆಗೆ ಹೋಗಿದ್ದೆ.

"ಕುಂದ್ರಿ ಟೀಚರ್, ಕುಂದ್ರಿ. ಇದೆಲ್ಲಾ ನಿಮ್ಮ ಹೆಣ್ಣುಮಕ್ಕಳ ಒಳ್ಳೇದಕ್ಕೇ ಮಾಡೀವಿ."

"ಅಧ್ಯಕ್ಷರ, ನಾ ಜನ್ಮಾ ಪೂರ್ತಿ ಗ್ರೌಂಡಿನ್ಯಾಗ ಇದ್ದಾಕಿ. ಫೌಲ್ ಮಾಡಿದವನಿಗಿ ಹೊರಗ ಹಾಕ್ತಾರ. ಏಟು ತಿಂದಾಕಿಗಿ ಹೊರಗ ಹಾಕೋ ಆಟ ಯಾವ ಊರಾಗೂ ನೋಡಿಲ್ಲ."

ಅವರ ಮುಖ ಸ್ವಲ್ಪ ಕೆಂಪಾಯಿತು. ಆದರೂ ಮೆತ್ತಗೇ ಹೇಳಿದರು: "ನಿಮ್ಮಂಥಾ ಹಿರೇರಿಗಿ ಯಾರು ಬ್ಯಾಡಂತಾರ? ನೀವು ಆರಾಮ ಹೋಗ್ರಿ ಬರ್ರಿ. ಗೇಟಿನಾಗ ಹೇಳಿ ಇಡ್ತೀನಿ. ವಯಸ್ಸಿನ ಹುಡುಗೇರಿಗಿ ಅಷ್ಟೇ ಈ ನಿಯಮ."

ಟೀಚರು ಕೇಳಿದರು: "ನನಗೊಬ್ಬಾಕಿಗೇನು?"

"ನಿಮಗೊಬ್ಬರಿಗಿ."

"ಬ್ಯಾಡ್ರಿ" ಎಂದು ಎದ್ದರು.

ಬರುವಾಗ ದಾರಿಯಲ್ಲಿ ತಾವಾಗಿಯೇ ಹೇಳಿದರು. ಅವರು ಸಣ್ಣವರಿದ್ದಾಗ ಅವರ ಊರ ಹೊಳೆಯ ಮೆಟ್ಟಿಲಿಗೆ ಅವರ ಕೇರಿಯವರು ಇಳಿಯುವ ಹಾಗಿರಲಿಲ್ಲವಂತೆ. ತಾಯಿ ಕೊಡ ಇಟ್ಟುಕೊಂಡು ದಂಡೆಯ ಮೇಲೆ ಕಾಯಬೇಕು. ಯಾರಾದರೂ ಮನಸ್ಸು ಬಂದು ಸುರಿದರೆ ನೀರು. "ಒಬ್ಬಾಕಿ ಮುದುಕಿ ಇದ್ಲು, ನಮ್ಮವ್ವನ ಮ್ಯಾಲ ಅಂತಃಕರಣ. ನಿನಗೊಬ್ಬಾಕಿಗಿ ಹಾಕ್ತೀನಿ, ಉಳದೋರಿಗಿ ಹೇಳಬ್ಯಾಡ ಅಂತಿದ್ಲು. ನಮ್ಮವ್ವ ತುಂಬಿದ ಕೊಡ ತಂದು ಮನ್ಯಾಗಿಟ್ಟು ಅಳ್ತಿದ್ಲು. ಯಾಕ ಅಳ್ತಾಳಂತ ನನಗ ಆಗ ತಿಳೀತಿರಲಿಲ್ಲ."

ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಗೇಟಿನ ಹೊರಗೆ ನಾನು ಕೇಳಿದ್ದು ಅದೊಂದೇ ಸಲ.

ಮರುದಿನದಿಂದ ನಮ್ಮ ನಡಿಗೆ ಗೇಟಿನವರೆಗೆ. ಅಲ್ಲಿ, ಬೋರ್ಡಿನ ಎದುರು ರಸ್ತೆಯ ಬದಿಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಟೀಚರು ಡ್ರಿಲ್ ಮಾಡಿಸುತ್ತಿದ್ದರು. ಕೈ ಮೇಲೆ, ಕೈ ಕೆಳಗೆ. ಮೊದಲು ನಾವು ಮೂವರೇ. ಕಲ್ಲು ಹೇರಿಕೊಂಡ ಲಾರಿಗಳು ಪುಡಿ ಎಬ್ಬಿಸಿಕೊಂಡು ಹಾಯುತ್ತಿದ್ದವು. ಹಾಲು ತರುವವರು ಸೈಕಲ್ ನಿಲ್ಲಿಸಿ ನಗುತ್ತಿದ್ದರು. ನಮ್ಮ ಮನೆಯವರು, "ನಾನೇ ಜೋಡಿ ಬರ್ತೀನಿ, ಆರಾಮ ಒಳಗ ಹೋಗೂಣು. ರಸ್ತಾದಾಗ ಇದೆಂಥಾ ನಾಟಕ?" ಎಂದರು. "ನೀವು ಬೇಕಾದ್ರ ಬಂದು ನಮ್ಮ ಸಾಲಿನ್ಯಾಗ ನಿಂದರ್ರಿ" ಎಂದೆ. ಅವರು ಬರಲಿಲ್ಲ, ಆದರೆ ಮತ್ತೆ ಆ ಮಾತೂ ಎತ್ತಲಿಲ್ಲ. ನಿಧಾನವಾಗಿ ಸಾಲು ಬೆಳೆಯಿತು. ಬಟ್ಟೆ ಹೊಲಿಯುವ, ಎಲ್ಲರೂ ಖಾಲಾ ಎನ್ನುವ ಮುಸ್ಲಿಂ ಹೆಂಗಸೊಬ್ಬರು ಬಂದರು, ಅಂಗನವಾಡಿಯ ಆಕೆ ಬಂದರು, ಕಾವಲುಗಾರನ ಹಿರಿಯ ಮಗಳು ಒಂದು ದಿನ ಬಂದು ಅಪ್ಪನ ಕಣ್ಣೆದುರಿಗೇ ಸಾಲಿನಲ್ಲಿ ನಿಂತಳು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಆ ಪಟ್ಟೆತಲೆಯ ಬಾತುಗಳು ನಮ್ಮ ತಲೆಯ ಮೇಲಿಂದಲೇ ಹಾದು ಖಣಿಯ ಕಡೆ ಇಳಿದವು. ಜಾಲಿಯ ಮರೆಯಿಂದ ಅವುಗಳ ಸದ್ದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಕಾವಲುಗಾರ ಹತ್ತಿರ ಬಂದು, "ಟೀಚರ್, ನಿಮಗ ಬಿಡಂತ ಅಧ್ಯಕ್ಷರು ಹೇಳ್ಯಾರ್ರಿ. ಒಮ್ಮಿ ಹೋಗಿ ನೋಡಿ ಬರ್ರಿ" ಎಂದ. ನಾವೆಲ್ಲರೂ ಹೋಗಿರೆಂದೆವು. ಹುಡುಗಿಯಂತೂ ಕೈ ಹಿಡಿದು ಕೇಳಿಕೊಂಡಳು. ಟೀಚರು ಸದ್ದು ಬಂದ ಕಡೆ ಕತ್ತೆತ್ತಿ ನಿಂತು ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ಕೈ ಮ್ಯಾಲ" ಎಂದರು.

ಆ ಚಳಿಗಾಲದಲ್ಲೇ ಅವರು ಇಳಿಯತೊಡಗಿದರು. ರವಿಕೆ ಸಡಿಲವಾಯಿತು. ಊಟ ಸೇರುತ್ತಿಲ್ಲ ಎನ್ನುತ್ತಿದ್ದರು. ಕಾವಲುಗಾರ ತಾನು ಕೂರುವ ಕುರ್ಚಿಯನ್ನು ಹೊರಗೆ ತಂದು ಇಡುತ್ತಿದ್ದ. ಕುಳಿತೇ ಡ್ರಿಲ್ ಹೇಳುತ್ತಿದ್ದರು. ಕೊನೆಗೆ ಮಗಳು ಬಂದು ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊಟ್ಟೆಯಲ್ಲಿ ಗಡ್ಡೆ. ತಡವಾಗಿತ್ತು.

ಬೋರ್ಡು ಹೋದದ್ದು ಅದರ ಮುಂದಿನ ತಿಂಗಳು. ಹೇಗೆ ಹೋಯಿತು ಎಂಬುದನ್ನು ನಾನು ಬರೆಯಲೇಬೇಕು. ಒಂದು ಭಾನುವಾರ ಯಾರೋ ದೊಡ್ಡ ಅಧಿಕಾರಿಯ ಹೆಂಡತಿ, ತಂಗಿಯರೊಂದಿಗೆ ಕಾರಿನಲ್ಲಿ ಹಕ್ಕಿ ನೋಡಲು ಬಂದರಂತೆ. ಕಾವಲುಗಾರ ನಿಯಮದಂತೆ ಗೇಟಿನಲ್ಲೇ ನಿಲ್ಲಿಸಿದ. ಆಕೆ ಅಲ್ಲಿಂದಲೇ ಫೋನು ಮಾಡಿದರು. ಸಂಜೆಯೊಳಗೆ ಬೋರ್ಡು ಇರಲಿಲ್ಲ. ಒಂದು ಇಡೀ ಚಳಿಗಾಲ ಪುಡಿ ಕುಡಿಯುತ್ತ ನಿಂತ ನಮ್ಮ ಸಾಲಿಗೆ ಅಲ್ಲಾಡದ ಬೋರ್ಡು ಒಂದು ಫೋನಿಗೆ ಬಿತ್ತು.

ಆಸ್ಪತ್ರೆಗೆ ಹೋಗಿ ಹೇಳಿದೆ. ಸಂತೋಷಪಡುತ್ತಾರೆಂದುಕೊಂಡಿದ್ದೆ. ಅವರ ಕಣ್ಣು ಕಿರಿದಾಯಿತು.

"ನಾವು ನಿಂತಿದ್ದು ಅವರ ಕಣ್ಣಿಗಿ ಬೀಳಲೇ ಇಲ್ಲ ಅಂದಂಗಾತು."

"ಹೋಗಲಿ ಬಿಡ್ರಿ ಟೀಚರ್, ಗೇಟಂತೂ ತೆರೀತು."

"ಯಾಕ ಬಿಡಬೇಕು?" ಎದ್ದು ಕೂರಲು ಹೋದರು, ಆಗಲಿಲ್ಲ. "ಅವರು ತಪ್ಪಂತ ಒಪ್ಪಿ ತೆಗದಿಲ್ಲ. ಅಂಜಿ ತೆಗದಾರ. ನಾಳಿ ಮತ್ತ ಹಾಕ್ತಾರ. ನೀವು ಬಿಡಬ್ಯಾಡ್ರಿ." ಸ್ವಲ್ಪ ಸುಧಾರಿಸಿಕೊಂಡು ಕೇಳಿದರು: "ಇವತ್ತ ಯಾರ್‍ಯಾರು ಒಳಗ ಹೋಗಿದ್ರಿ?"

ಹಕ್ಕಿಗಳ ವಿಷಯ ಕೇಳಲಿಲ್ಲ. ನಾನು ಒಬ್ಬೊಬ್ಬರನ್ನಾಗಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಬಾತುಗಳು ಅಷ್ಟರಲ್ಲಿ ಹೊರಟುಹೋಗಿದ್ದವು. ಅವರೂ ಯುಗಾದಿಗೆ ಮುಂಚೆ ಹೋದರು. ಬಿಳಿ ಸೀರೆ ಉಡಿಸಿ, ಕೇರಿಯವರೆಲ್ಲ ಸೇರಿ ಬುದ್ಧವಂದನೆ ಹೇಳಿದರು. ನನಗೆ ಆ ಸಾಲುಗಳು ಬರುತ್ತಿರಲಿಲ್ಲ, ಕೈಮುಗಿದು ನಿಂತಿದ್ದೆ. ನಾನು ಆ ಕೇರಿಗೆ ಕಾಲಿಟ್ಟದ್ದು ಅಂದೇ ಮೊದಲು.

ಕೆಲವು ದಿನಗಳ ಮೇಲೆ ಸಮಿತಿಯವರು ಹೊಳೆಯ ದಂಡೆಯಲ್ಲೇ, ಗೇಟಿನ ಒಳಗೆ, ತಗಡಿನ ಚಪ್ಪರದ ಕೆಳಗೆ ಶೋಕಸಭೆ ಇಟ್ಟರು. ಟೀಚರ ಫೋಟೋಗೆ ದೊಡ್ಡ ಹಾರ. ಅಧ್ಯಕ್ಷರು ಮೈಕಿನಲ್ಲಿ ಮೆತ್ತಗೆ ಮಾತಾಡಿದರು. ಟೀಚರು ದೊಡ್ಡ ನಿಸರ್ಗಪ್ರೇಮಿಯಾಗಿದ್ದರು, ಈ ಜಾಗವೆಂದರೆ ಅವರಿಗೆ ತವರುಮನೆಯಾಗಿತ್ತು, ಸಮಿತಿಗೂ ಅವರಿಗೂ ತಾಯಿ-ಮಕ್ಕಳ ಸಂಬಂಧವಿತ್ತು ಎಂದರು. ಜನ ತಲೆದೂಗಿದರು. ಟೀಚರ ಮಗಳು ನೆಲ ನೋಡುತ್ತ ಕುಳಿತಿದ್ದಳು.

ನಾನು ಕೋರ್ಟಿನಲ್ಲಿ ಊರವರ ಮಾತನ್ನೆಲ್ಲ ಟೈಪು ಮಾಡಿದವಳು, ನಾಲ್ಕು ಜನರ ಎದುರು ನನ್ನದೊಂದು ಮಾತು ಆಡಿದವಳಲ್ಲ. ಆದರೆ ಎದ್ದೆ. ಮೈಕಿನ ಹತ್ತಿರ ಹೋಗಲಿಲ್ಲ, ನಿಂತಲ್ಲಿಂದಲೇ ಹೇಳಿದೆ.

"ಅಧ್ಯಕ್ಷರ, ಟೀಚರು ಸಾಯೋ ಮೊದಲಿನ ಚಳಿಗಾಲ ಪೂರ್ತಿ ಈ ಜಾಗಾ ನೋಡಿಲ್ಲ. ನೀವು ಬೋರ್ಡ್ ಹಾಕಿ ನಮ್ಮನ್ನೆಲ್ಲ ಹೊರಗ ನಿಂದರಿಸಿದ್ರಿ. ಆಕಿಗೊಬ್ಬಾಕಿಗಿ ಬಿಡ್ತೀನಂದ್ರಿ. ಆಕಿ ಒಲ್ಲೆ ಅಂದ್ಲು. ತಪ್ಪು ಮಾಡಿದ ಹುಡುಗರಿಗಿ ನೀವು ಚಾ ಕುಡಿಸಿ ಕಳಿಸಿದ್ರಿ. ಇದನ್ನೂ ಹೇಳ್ರಿ."

ಯಾರೋ ಗಡಿಬಿಡಿಯಲ್ಲಿ ವಂದನಾರ್ಪಣೆ ಎಂದರು. ಟೀಚರ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು.

ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನ ಹತ್ತಿರ ಬಂದು ಕೈಮುಗಿದರು.

"ತಂಗೀ, ನೀ ಒಳ್ಳೇ ಮನಿತನದ ಸೊಸಿ. ಸತ್ತೋರ ಸಭಾದಾಗ ಇದೆಲ್ಲಾ ಬೇಕಿತ್ತೇನು?"

"ಬೇಕಿತ್ರಿ" ಎಂದೆ.

ಟೀಚರಿಂದ ನಾನು ಕಲಿತದ್ದು ಅಷ್ಟು. ಅವರ ಸಾಲ ತೀರಿತೆಂದು ನಾನು ತಿಳಿದಿಲ್ಲ. ನನ್ನ ಸಿಟ್ಟೂ ಆರಿಲ್ಲ, ಆರಬೇಕೆಂಬ ಆಸೆಯೂ ನನಗಿಲ್ಲ.